ಹನಾವ್‌ನ ಬೆಳ್ಳಿ ಫೆಸೆಂಟ್: ಮುದ್ರೆಗಿಂತ ಮೊದಲು ಕುತ್ತಿಗೆ ನೋಡಿ

ಜರ್ಮನಿಯ ಹನಾವ್ ಊರಿನ ಬೆಳ್ಳಿ ಹಕ್ಕಿಗಳನ್ನು ಮಾರುವವರು ಮೊದಲು ಮುದ್ರೆಯ ಫೋಟೋ ಕಳಿಸುತ್ತಾರೆ. ನೀವು ಕೇಳಬೇಕಾದದ್ದು ಕುತ್ತಿಗೆಯ ಫೋಟೋ.

ಊಟದ ಮೇಜಿನ ನಡುವೆ ನಿಲ್ಲಿಸುವ ಈ ಫೆಸೆಂಟ್‌ಗಳಲ್ಲಿ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ) ಅನೇಕಕ್ಕೆ ತಲೆ ಕಳಚಿ ಬರುತ್ತದೆ, ರೆಕ್ಕೆಗಳು ಬಿಜಾಗರಿಯ ಮೇಲೆ ಆಡುತ್ತವೆ. ತಲೆ ತೆಗೆದು ಹಾಕಿ ಸವೆದಂತೆ ಕುತ್ತಿಗೆ ಸಡಿಲವಾಗಿ ವಾಲುತ್ತದೆ. ಆಗ ಯಾರೋ ಒಬ್ಬರು ಸೀಸದ ಬೆಸುಗೆ ಹಾಕಿ ಅಂಟಿಸಿಬಿಟ್ಟಿರುತ್ತಾರೆ. ಗರಿಗಳ ನಡುವೆ ಮಂಕು ಬೂದು ಬಣ್ಣದ ಉಂಡೆ ಕಂಡರೆ, ಸೂಜಿಗೆ ಅದು ಮೆತ್ತಗೆ ಸಿಕ್ಕರೆ, ಕೈಬಿಡಿ. ಮುಂದೆ ಸರಿಪಡಿಸಲೆಂದು ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಬೆಳ್ಳಿ ಬೆಸುಗೆಯ 700 ಡಿಗ್ರಿ ಶಾಖ ಕೊಟ್ಟರೆ ಆ ಸೀಸ ಬೆಳ್ಳಿಯೊಳಕ್ಕೆ ಇಳಿದು ತಗಡನ್ನೇ ತಿಂದು ತೂತು ಮಾಡುತ್ತದೆ. ಸಡಿಲ ಕುತ್ತಿಗೆ ಪರವಾಗಿಲ್ಲ, ಸೀಸ ಕುಡಿದ ಕುತ್ತಿಗೆ ಬೇಡ.

ಎರಡನೆಯದು ರೆಕ್ಕೆ. ಬಿಜಾಗರಿಯ ಕಡ್ಡಿ ಬದಲಾಗಿದ್ದರೆ ದೊಡ್ಡ ದೋಷವಲ್ಲ, ಹೊಸದು ಹಾಕಿಸಬಹುದು. ಗರಿ ಸವೆದಿದ್ದರೆ ಮಾತ್ರ ಯಾವ ಚಾಣವೂ ಮರಳಿ ತರಲಾರದು. ರೆಕ್ಕೆಯ ಬುಡದ ಮಡಿಕೆಗೆ ಬಟ್ಟೆ ತಲುಪುವುದಿಲ್ಲ. ಅಲ್ಲಿನ ಗರಿಯ ನಡುಗೆರೆ, ಅದರಿಂದ ಓರೆಯಾಗಿ ಹೊರಟ ಕೂದಲೆಳೆಯಂಥ ಗೀರುಗಳು ಇನ್ನೂ ಚೂಪಾಗಿರುತ್ತವೆ. ಅದನ್ನು ಎದೆಯ ಗರಿಯ ಪಕ್ಕ ಇಟ್ಟು ನೋಡಿ. ಎದೆ ನುಣುಪಾಗಿದ್ದರೆ ಉಜ್ಜಿ ಉಜ್ಜಿ ಹಕ್ಕಿಯನ್ನು ಬೋಳಿಸಿದ್ದಾರೆ ಎಂದರ್ಥ. ಜೋಡಿಯಲ್ಲಿ ಒಂದು ಬೋಳು, ಒಂದು ಚೂಪು ಇದ್ದರೆ ಅವು ಆಮೇಲೆ ಕೂಡಿಸಿದ ಜೋಡಿ ಇರಬಹುದು.

ಮುದ್ರೆಯ ವಿಷಯ: 1888ರಿಂದ ಜರ್ಮನ್ ಬೆಳ್ಳಿಗೆ ಅರ್ಧಚಂದ್ರ, ಕಿರೀಟ ಮತ್ತು 800 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ (ಸಾವಿರದಲ್ಲಿ ಎಷ್ಟು ಪಾಲು ಶುದ್ಧ ಬೆಳ್ಳಿ ಎಂಬುದು). ಹನಾವ್‌ನವರು ಹಳೆಯ ಕಾಲದ ಮುದ್ರೆಗಳನ್ನು ಹೋಲುವ ಹುಸಿಮುದ್ರೆಗಳನ್ನೂ ಹೊಡೆಯುತ್ತಿದ್ದರು, ಅವುಗಳಿಂದ ಕಾಲ ಲೆಕ್ಕ ಹಾಕಬೇಡಿ. ನಂಬಬಹುದಾದದ್ದು ಬ್ರಿಟನ್ನಿಗೆ ಹೋದ ಮಾಲು. ಹನಾವ್‌ನ ನೆರೆಸ್‌ಹೈಮರ್ ಕಾರ್ಖಾನೆಯ ಕೆಲಸ, ಅದನ್ನು ಬ್ರಿಟನ್ನಿಗೆ ತರಿಸುತ್ತಿದ್ದ ವ್ಯಾಪಾರಿ ಬರ್ತೋಲ್ಡ್ ಮ್ಯೂಲರ್ ಮೂಲಕ, ಇಂಗ್ಲೆಂಡಿನ ಚೆಸ್ಟರ್ ಊರಿನ ಬೆಳ್ಳಿ ಪರೀಕ್ಷಾ ಕಚೇರಿಯಲ್ಲಿ ಪರೀಕ್ಷೆಯಾಗುತ್ತಿತ್ತು. 1904ರ ನಂತರದವಕ್ಕೆ ಎರಡೆಲೆಯ ಓಕ್ ಕಾಯಿಯ ಚಿತ್ರ, ಶುದ್ಧತೆಯ ಅಂಕಿ .925, ಪರೀಕ್ಷೆಯಾದ ವರ್ಷವನ್ನು ಸೂಚಿಸುವ ಅಕ್ಷರ. ತಲೆ, ರೆಕ್ಕೆ, ಮೈ ಎಲ್ಲದರ ಮೇಲೂ ಹುಡುಕಿ. ತಲೆಯ ಅಕ್ಷರ ಬೇರೆ, ಮೈಯ ಅಕ್ಷರ ಬೇರೆ ಎಂದರೆ ಆ ತಲೆ ಇನ್ನೊಂದು ಹಕ್ಕಿಯದು.

ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವ ಪರೀಕ್ಷೆ ಇಲ್ಲಿ ನಡೆಯದು, ಟೊಳ್ಳಿನೊಳಗೆ ಗಾಳಿ ಉಳಿಯುತ್ತದೆ. ದ್ರಾವಣದಲ್ಲಿ ಅದ್ದಿ ತೊಳೆಯುವುದೂ ಬೇಡ: ದ್ರಾವಣ ಒಳಗೇ ನಿಂತುಬಿಡುತ್ತದೆ, ಗರಿಗಳ ಸಂದಿಯ ಕಪ್ಪೂ ಹೋಗಿ ಹಕ್ಕಿ ಅಲ್ಯೂಮಿನಿಯಂ ಹಾಗೆ ಕಾಣುತ್ತದೆ. ಮನೆಯ ಬೆಳ್ಳಿ ದೀಪ ಉಜ್ಜಲು ಹಾಕುವ ವಿಭೂತಿ ಇದಕ್ಕಲ್ಲ, ಬಿಳಿ ಪುಡಿ ಗೆರೆಗಳಲ್ಲಿ ಕೂತರೆ ಏಳುವುದಿಲ್ಲ. ಒಣ ಹತ್ತಿ ಬಟ್ಟೆ, ಉಬ್ಬಿದ ಭಾಗಕ್ಕೆ ಮಾತ್ರ.

ಈಗ ಮಾರುಕಟ್ಟೆಯಲ್ಲಿರುವ, ರಾಳದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಕೂರಿಸಿದ ಪ್ರಾಣಿಗಳು ದೂರದಿಂದ ಇನ್ನೂ ಜೀವಂತವಾಗಿ ಕಾಣುತ್ತವೆ, ನಿಜ. ತೂಕ ಬಹುಪಾಲು ರಾಳದ್ದು. ತಗ್ಗು ಬಿದ್ದರೆ ಕಾಯಿಸುವಂತಿಲ್ಲ, ಒಳಗಿನಿಂದ ಬಡಿದು ಎತ್ತುವಂತೆಯೂ ಇಲ್ಲ. ಅದೇ ದುಡ್ಡಿಗೆ ಸಡಿಲ ಕುತ್ತಿಗೆಯ ಒಂಟಿ ಹನಾವ್ ಹಕ್ಕಿ ಸಿಕ್ಕರೆ ಅದೇ ಒಳ್ಳೆಯ ವ್ಯಾಪಾರ.

ತರಿಸುವಾಗ ತಲೆ ಬೇರೆ, ಮೈ ಬೇರೆ ಸುತ್ತಲು ಹೇಳಿ. ರೆಕ್ಕೆ ಅಲುಗದಿರಲೆಂದು ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ. ಅದರ ಗಂಧಕ ಬೆನ್ನ ಮೇಲೆ ಕಪ್ಪು ಪಟ್ಟೆ ಎಳೆಯುತ್ತದೆ. ಹತ್ತಿಯ ದಾರ ಸಾಕು.