ಮೂರು ಮೀಟರಿನ ಅಲೆ, ಅರ್ಧ ಕಿಲೋಮೀಟರಿನ ಅಲೆ

ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕೇಳಬೇಕಾದರೆ ಮುಳ್ಳನ್ನು 101.3 ಮೆಗಾಹರ್ಟ್ಸ್‌ಗೆ ತರಬೇಕು. ಮಧ್ಯಮ ತರಂಗದ ಕೇಂದ್ರಕ್ಕಾದರೆ 612 ಕಿಲೋಹರ್ಟ್ಸ್‌ಗೆ. ರೇಡಿಯೊ ಅಲೆ ಯಾವುದೇ ಇರಲಿ, ಓಡುವುದು ಬೆಳಕಿನ ವೇಗದಲ್ಲೇ. ಹಾಗಾಗಿ ಆವೃತ್ತಿ, ಅಂದರೆ ಸೆಕೆಂಡಿಗೆ ಹಾಯುವ ಅಲೆಗಳ ಎಣಿಕೆ, ಏರಿದಷ್ಟೂ ತರಂಗದೂರ, ಅಂದರೆ ಒಂದು ಅಲೆಯ ಉದ್ದ, ಕುಗ್ಗುತ್ತದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉತ್ತರ ಮೀಟರಿನಲ್ಲಿ ಬರುತ್ತದೆ: ಎಫ್‌ಎಂಗೆ ಮೂರು ಮೀಟರಿಗಿಂತ ತುಸು ಕಡಿಮೆ, ಇನ್ನೊಂದಕ್ಕೆ (612 ಕಿಲೋಹರ್ಟ್ಸ್ ಎಂದರೆ 0.612 ಮೆಗಾಹರ್ಟ್ಸ್) ಸುಮಾರು 490 ಮೀಟರ್. ಒಂದೇ ಟ್ರಾನ್ಸಿಸ್ಟರಿನಲ್ಲಿ ಎರಡನ್ನೂ ಕೇಳುತ್ತ ಬಂದಿರುವ ನನಗೆ ಇವುಗಳ ಜಗಳವೆಲ್ಲ ಬಹುಪಾಲು ಈ ಮೀಟರಿನ ಜಗಳವೇ ಎನಿಸುತ್ತದೆ.

ಮನೆಯೊಳಗೆ ಎಫ್‌ಎಂ ಚಂಚಲ. ಗೋಡೆಗೆ ಬಡಿದು ಮರಳಿದ ಅಲೆಯೂ ನೇರವಾಗಿ ಬಂದ ಅಲೆಯೂ ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಲೆಯೇ ಮೂರು ಮೀಟರಿನದಾದ್ದರಿಂದ ರೇಡಿಯೊವನ್ನು ಮೇಜಿನಿಂದ ಕಿಟಕಿಗೆ ಸರಿಸಿದರೆ ಸಾಕು, ಗೊರಗೊರ ಹೋಗಿ ವೀಣೆಯ ತಂತಿ ಮಿಡಿದದ್ದೂ ಕೇಳುತ್ತದೆ. ಎಳೆದು ನಿಲ್ಲಿಸುವ ಏರಿಯಲ್‌ನ ಉದ್ದವನ್ನು ಅಳೆದು ನೋಡಿ, ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿ, ಅಂದರೆ ಅಲೆಯ ಕಾಲುಭಾಗದಷ್ಟು ಇದ್ದರೆ ಒಳ್ಳೆಯದು.

ಮಧ್ಯಮ ತರಂಗಕ್ಕೆ ಆ ಏರಿಯಲ್ ಎಳೆದರೂ ಒಂದೇ, ಮಡಚಿದರೂ ಒಂದೇ. 490 ಮೀಟರಿನ ಕಾಲುಭಾಗವನ್ನು ಕೈಯಲ್ಲಿ ಹಿಡಿದು ಓಡಾಡಲು ಯಾರಿಂದ ಆದೀತು? ಅದಕ್ಕೇ ಪೆಟ್ಟಿಗೆಯೊಳಗೆ ಏರಿಯಲ್ಲಿನ ಬದಲು ತಂತಿ ಸುತ್ತಿದ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿ ಇರುತ್ತದೆ. ಕಡ್ಡಿಯ ತುದಿ ಕೇಂದ್ರದತ್ತ ತಿರುಗಿದರೆ ದನಿ ಸೊರಗುತ್ತದೆ, ಅಡ್ಡಲಾಗಿ ನಿಂತರೆ ತುಂಬಿ ಬರುತ್ತದೆ. ಮನೆಯಲ್ಲಿ ಇದರ ನಿಜವಾದ ಶತ್ರು ಅಗ್ಗದ ಎಲ್‌ಇಡಿ ಬಲ್ಬು. ಸ್ವಿಚ್ ಹಾಕಿದೊಡನೆ ವಾರ್ತೆಯ ಮೇಲೆ ಜೀರುಂಡೆ ಕೂರುತ್ತದೆ.

ಆದರೆ ಆಗುಂಬೆಯ ತಿರುವುಗಳಲ್ಲಿ ಪಾತ್ರ ಅದಲುಬದಲು. ಗುಡ್ಡ ಅಡ್ಡ ಬಂದೊಡನೆ ಎಫ್‌ಎಂ ಕಡಿದುಹೋಗುತ್ತದೆ. ಉದ್ದನೆಯ ಅಲೆ ನೆಲಕ್ಕಂಟಿಕೊಂಡು ಗುಡ್ಡವನ್ನು ಬಳಸಿ ಬರುತ್ತದೆ. ಭದ್ರಾವತಿಯ 675 ಕಿಲೋಹರ್ಟ್ಸ್, ಎಂದರೆ 444 ಮೀಟರ್, ಅಲ್ಲಿ ನನಗೆ ಹೆಚ್ಚು ನಂಬಿಕಸ್ಥ ಜೊತೆಗಾರ. ಊರಿನ ಕಾಂಕ್ರೀಟ್ ಕೆಳಸೇತುವೆಯಲ್ಲಿ ಮಾತ್ರ ಈ ಗಟ್ಟಿಗನೇ ಮೊದಲು ಮೂಕನಾಗುತ್ತಾನೆ. ಕಬ್ಬಿಣ ತುಂಬಿದ ಆ ಸಣ್ಣ ಬಾಯೊಳಗೆ ಅರ್ಧ ಕಿಲೋಮೀಟರಿನ ಅಲೆ ನುಗ್ಗಲಾರದು, ಮೂರು ಮೀಟರಿನದು ನುಗ್ಗುತ್ತದೆ.

ಸಂಗೀತಕ್ಕಾದರೆ ಎಫ್‌ಎಂ, ಚರ್ಚೆಯೇ ಬೇಡ. ಕೇಂದ್ರಕ್ಕೆ ಸಿಗುವ ಜಾಗ ಅಗಲವಾದಷ್ಟೂ ನಾದ ತುಂಬಿ ಬರುತ್ತದೆ. ಮಧ್ಯಮ ತರಂಗದಲ್ಲಿ ಕೇಂದ್ರಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್; ಎಫ್‌ಎಂ ಕೇಂದ್ರವೊಂದಕ್ಕೆ ಸುಮಾರು 200 ಸಿಗುತ್ತದೆ. ಮೆಗಾಹರ್ಟ್ಸ್‌ಗಳ ಎತ್ತರದಲ್ಲಿ ಅಷ್ಟು ಧಾರಾಳಿಯಾಗಲು ಜಾಗವಿದೆ, ಕೆಳಗೆ ಇಲ್ಲ.

ರಾತ್ರಿಯಾದ ಮೇಲೆ ನಾನು ಹಳೆಯ ಮಧ್ಯಮ ತರಂಗದ ಕಡೆಯವನು. ಹಗಲಿನಲ್ಲಿ ಈ ಅಲೆಗಳನ್ನು ಹೀರಿಕೊಳ್ಳುವ ವಾತಾವರಣದ ಮೇಲಿನ ಪದರ ಸೂರ್ಯ ಮುಳುಗಿದಂತೆ ಕರಗುತ್ತದೆ. ಅದಕ್ಕೂ ಮೇಲಿನ ಪದರದಿಂದ ಬಾಗಿ ದೂರದ ದನಿಗಳು ಇಳಿಯುತ್ತವೆ. ಬೆಂಗಳೂರಿನಲ್ಲಿ ಕುಳಿತು ಧಾರವಾಡದ 765 ಕಿಲೋಹರ್ಟ್ಸ್ ಹಿಡಿಯುವುದು ಆಗಲೇ. ದನಿ ಉಬ್ಬಿ ಇಳಿಯುತ್ತಿರುತ್ತದೆ, ನಡುವೆ ಮತ್ತಾವುದೋ ಭಾಷೆ ಇಣುಕುತ್ತದೆ. ಎಫ್‌ಎಂನ ಅಲೆ ಆ ಪದರಗಳನ್ನು ಸಾಮಾನ್ಯವಾಗಿ ತೂರಿಕೊಂಡು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ.