ನಮ್ಮ ಕಾರಿನ ಸ್ಟೀರಿಯೊ: ಧ್ವನಿಗೆ ತೊಂಬತ್ತು, ಬ್ಲೂಟೂತ್‌ಗೆ ಮೂವತ್ತೈದು

ಜೆ.ಸಿ. ರಸ್ತೆಯಲ್ಲಿ ಹಾಕಿಸಿದ ಈ ಟಚ್‌ಸ್ಕ್ರೀನ್ ಸ್ಟೀರಿಯೊ ನಮ್ಮ ಹಳೆಯ ಕಾರಿಗೆ ಬಂದು ಎರಡು ವರ್ಷ ದಾಟಿತು. ಪರದೆಯ ಅಳತೆ, ವ್ಯಾಟ್ ಲೆಕ್ಕ ಎಲ್ಲವೂ ಪೆಟ್ಟಿಗೆಯ ಮೇಲಿದೆ. ನಾನು ಹೇಳಬೇಕಿರುವುದು ಬ್ಲೂಟೂತ್ ಬಗ್ಗೆ.

ಬನಶಂಕರಿಯಿಂದ ಹೆಬ್ಬಾಳದಾಚೆಯ ಕಚೇರಿಗೆ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಸೀಟ್ ಬೆಲ್ಟ್ ಹಾಕಿ, ಪರದೆಯ ಮೇಲೆ ನನ್ನ ಮೊಬೈಲಿನ ಹೆಸರು ಮೂಡಿದ ಮೇಲೆಯೇ ಗೇರ್ ಹಾಕುವುದು. ಮೊದಲು ಒಂದು ದಾಸರ ಪದ. ತಂಬೂರಿಯ ಶ್ರುತಿ ಎಷ್ಟು ತುಂಬಿ ಬರುತ್ತದೆಂದರೆ ಹೊರಗಿನ ಹಾರ್ನ್‌ಗಳು ದೂರ ಸರಿದಂತಾಗುತ್ತವೆ. ಮೇಖ್ರಿ ವೃತ್ತದ ಸುಮಾರಿಗೆ ಶಿವಮೊಗ್ಗದಿಂದ ಅಮ್ಮನ ಕರೆ. ಮೊಬೈಲನ್ನು ಕೈಯಲ್ಲಿ ಹಿಡಿದು ಮಾತನಾಡುತ್ತಾ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ, ಅಪಾಯವಂತೂ ಹೌದೇ ಹೌದು. ಹಾಗಾಗಿ ಬ್ಲೂಟೂತ್ ಕೈಕೊಟ್ಟರೆ ಅಮ್ಮನ ಜೊತೆ ಅಂದು ಮಾತಿಲ್ಲ.

ಕೆಲವು ತಿಂಗಳಲ್ಲೇ ಅದು ಕೈಕೊಡಲು ಶುರುಮಾಡಿತು. ಕರೆ ಬಂದರೆ ಹಾಡಿಲ್ಲ, ಹಾಡು ಬಂದರೆ ಕರೆಯಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಕೆಳಗೆ ನಾನು ಕಾರು ಚಾಲೂ ಮಾಡಿದರೆ, ಮೊದಲ ಮಹಡಿಯಲ್ಲಿ ಕುಳಿತ ನಮ್ಮ ಯಜಮಾನರ ಮೊಬೈಲಿಗೆ ಸ್ಟೀರಿಯೊ ಅಂಟಿಕೊಳ್ಳುತ್ತಿತ್ತು. ಬ್ಲೂಟೂತ್ ಸುಮಾರು ಹತ್ತು ಮೀಟರ್‌ವರೆಗೆ ಸಲೀಸಾಗಿ ತಲುಪುತ್ತದೆ. ಅವರ ಕಚೇರಿಯ ಸಭೆ ನನ್ನ ಕಾರಿನಲ್ಲಿ ಮೊಳಗುತ್ತಿದ್ದರೆ, ಮೇಲೆ ಅವರು ‘ಹಲೋ, ಹಲೋ’ ಎನ್ನುತ್ತಿರುತ್ತಿದ್ದರು. ಅಂಗಡಿಯವರನ್ನು ಕೇಳಿದರೆ ‘ಮೊಬೈಲ್ ಬದಲಾಯಿಸಿ ಮೇಡಂ’ ಎಂಬ ಉತ್ತರ. ಹನ್ನೆರಡು ಸಾವಿರದ ಸ್ಟೀರಿಯೊ ಸರಿಹೋಗಲು ಇಪ್ಪತ್ತು ಸಾವಿರದ ಮೊಬೈಲ್ ಕೊಳ್ಳಬೇಕೇ? ಸಹಾಯವಾಣಿಯವರು ಮೊಬೈಲಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಲು ಹೇಳಿದರು. ಹಾಗೆ ಮಾಡಿದರೆ ಉಳಿಸಿಕೊಂಡ ವೈಫೈ ಪಾಸ್‌ವರ್ಡ್‌ಗಳೂ ಅಳಿಸಿಹೋಗುತ್ತವೆ ಎಂಬುದನ್ನು ಅವರು ಹೇಳಲೇ ಇಲ್ಲ. ಅದು ಕಡೆಯ ಉಪಾಯವಾಗಿರಲಿ.

ಕೊನೆಗೆ ದಾರಿ ತೋರಿಸಿದ್ದು ನನ್ನ ತಮ್ಮ. ಕರೆಗೆ ಒಂದು ದಾರಿ, ಹಾಡಿಗೆ ಇನ್ನೊಂದು ದಾರಿ, ಬ್ಲೂಟೂತ್‌ನಲ್ಲಿ ಎರಡೂ ಬೇರೆಬೇರೆ ಎಂದ. ಆಂಡ್ರಾಯ್ಡ್ ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಸ್ಟೀರಿಯೊ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿದರೆ ಕರೆಗೂ ಮೀಡಿಯಾಗೂ ಪ್ರತ್ಯೇಕ ಸ್ವಿಚ್‌ಗಳು ಕಾಣುತ್ತವೆ. ನನ್ನದರಲ್ಲಿ ಮೀಡಿಯಾ ಸ್ವಿಚ್ ಆಫ್ ಆಗಿತ್ತು. ಆನ್ ಮಾಡಿದೊಡನೆ ಹಾಡು ಬಂತು. ಆದರೂ ಸಂಪರ್ಕ ಆಗಾಗ ಕಡಿಯುತ್ತಲೇ ಇತ್ತು. ಜೋಡಿಸುವಾಗ ಮೊಬೈಲ್ ಮತ್ತು ಸ್ಟೀರಿಯೊ ಒಂದೇ ಗುಪ್ತ ಕೀಲಿಯನ್ನು ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಒಂದು ಕಡೆ ಮಾತ್ರ ಅಳಿಸಿದರೆ ಇನ್ನೊಂದು ಕಡೆ ಹಳೆಯದು ಉಳಿದು ತಕರಾರು ಮಾಡುತ್ತದೆ. ಹಾಗಾಗಿ ಎರಡೂ ಕಡೆ ಹೆಸರು ಅಳಿಸಿ, ಎರಡನ್ನೂ ಆಫ್ ಮಾಡಿ ಆನ್ ಮಾಡಿ, ಹೊಸದಾಗಿ ಜೋಡಿಸಿದೆವು. ಸ್ಟೀರಿಯೊ ಪಟ್ಟಿಯಲ್ಲಿ ಮೆಕ್ಯಾನಿಕ್‌ನ ಮೊಬೈಲ್, ಭಾವನವರ ಮೊಬೈಲ್, ನಾವು ಎಂದೋ ಮಾರಿದ ಮೊಬೈಲ್ ಎಲ್ಲವೂ ಕುಳಿತಿದ್ದವು. ಅವನ್ನೂ ತೆಗೆದೆವು. ಅಂದಿನಿಂದ ಅಮ್ಮನ ಕರೆ ತಪ್ಪಿಲ್ಲ, ನನ್ನ ಸಿಟ್ಟೂ ಬಹಳ ಮಟ್ಟಿಗೆ ಇಳಿದಿದೆ. ಇಷ್ಟು ಕಡಿಮೆ ಬೆಲೆಗೆ ಈ ಧ್ವನಿ ಕೊಡುವ ಸ್ಟೀರಿಯೊ ನನಗಂತೂ ಬೇರೆ ಸಿಕ್ಕಿಲ್ಲ.

ಒಂದು ಕೊರತೆ ಮಾತ್ರ ಉಳಿದೇ ಇದೆ. ಯಾರ ಮೊಬೈಲಿಗೆ ಮೊದಲ ಆದ್ಯತೆ ಎಂದು ಆರಿಸುವ ಅವಕಾಶ ಇದರಲ್ಲಿಲ್ಲ. ಎಷ್ಟೋ ಕಾರುಗಳಲ್ಲಿ ಕಂಪನಿಯೇ ಕೊಡುವ ಸ್ಟೀರಿಯೊದಲ್ಲಿ ಇದು ಇರುತ್ತದೆ. ಯಜಮಾನರು ತಮ್ಮ ಮೊಬೈಲಿನಲ್ಲಿ ಎರಡೂ ಸ್ವಿಚ್ ಆಫ್ ಮಾಡಿಟ್ಟುಕೊಂಡಿದ್ದಾರೆ. ಭಾನುವಾರ ಅವರು ಕಾರು ತೆಗೆದಾಗ ಮತ್ತೆ ಆನ್ ಮಾಡಬೇಕು. ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಇದನ್ನು ಸೇರಿಸಿ ಎಂದು ಕಂಪನಿಗೆ ಬರೆದೆ, ಉತ್ತರವಿಲ್ಲ.

ಒಬ್ಬರೇ ಕಾರು ಓಡಿಸುವ ಮನೆಯಾದರೆ ಧಾರಾಳವಾಗಿ ಕೊಳ್ಳಿ. ಇಬ್ಬರು ಓಡಿಸುವುದಾದರೆ ಹಣ ಕೊಡುವ ಮೊದಲು ಇಬ್ಬರ ಮೊಬೈಲನ್ನೂ ಅಂಗಡಿಯಲ್ಲೇ ಜೋಡಿಸಿ, ಸ್ಟೀರಿಯೊ ಆಫ್ ಮಾಡಿ ಮತ್ತೆ ಆನ್ ಮಾಡಿ, ಅದು ಯಾವುದನ್ನು ಹಿಡಿಯುತ್ತದೆ ಎಂದು ನೋಡಿಕೊಳ್ಳಿ.