ಲೀಫ್ ಶೈನ್ ಸ್ಪ್ರೇನಾ, ಒದ್ದೆ ಬಟ್ಟೆನಾ?

ಮನೆ ಗಿಡಗಳ ಎಲೆ ಹೊಳೀಬೇಕು ಅಂದರೆ ಅಂಗಡಿಯಲ್ಲಿ ಸಿಗೋ ಲೀಫ್ ಶೈನ್ ಸ್ಪ್ರೇ ಹೊಡೀಬೇಕಾ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾ? ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಒದ್ದೆ ಬಟ್ಟೆಗೆ. ಸ್ಪ್ರೇ, ಹಾಲು ಬೆರೆಸಿದ ನೀರು, ಕೊಬ್ಬರಿ ಎಣ್ಣೆ, ಬೇವಿನೆಣ್ಣೆ ಎಲ್ಲವನ್ನೂ ನಮ್ಮನೆ ಗಿಡಗಳ ಮೇಲೆ ಹಾಕಿ ನೋಡಿ ಬರೀತಿದ್ದೀನಿ. ಮನೆ ಇರೋದು ಬೆಂಗಳೂರಲ್ಲಿ, ಬಾಲ್ಕನಿಯ ಕೆಳಗೇ ಮುಖ್ಯರಸ್ತೆ. ಹಾಗಾಗಿ ಧೂಳೇ ಇಲ್ಲಿ ದೊಡ್ಡ ಸಮಸ್ಯೆ.

ಸ್ಪ್ರೇ ತಂದಿದ್ದು ರಬ್ಬರ್ ಗಿಡಕ್ಕೆ. ನರ್ಸರಿಯಲ್ಲಿ ಅದರ ಎಲೆಗಳು ಕನ್ನಡಿ ಥರ ಹೊಳೀತಿದ್ದವು. "ಇದನ್ನ ಹೊಡೀರಿ ಮೇಡಂ, ಯಾವಾಗ್ಲೂ ಹಿಂಗೇ ಇರುತ್ತೆ" ಅಂತ 350 ರೂಪಾಯಿಯ ಡಬ್ಬಿ ಕೊಟ್ಟರು. ಹೊಡೆದ ದಿನ ಗಿಡ ನಿಜವಾಗ್ಲೂ ಚೆನ್ನಾಗಿ ಕಂಡಿತು.

ತೊಂದರೆ ಶುರುವಾಗಿದ್ದು ಆಮೇಲೆ. ಈ ಹೊಳಪು ಬರೋದು ಎಣ್ಣೆ, ಮೇಣ ಅಥವಾ ಸಿಲಿಕೋನಿನ ತೆಳು ಪದರದಿಂದ. ನಾನು ತಂದ ಸ್ಪ್ರೇಯಲ್ಲಿ ಆ ಪದರ ಒಣಗಿದ ಹಾಗೆ ಕಂಡರೂ ಬೆರಳಿಗೆ ಅಂಟ್ತಿತ್ತು. ಏನೂ ಹಚ್ಚದ ಎಲೆ ಮೇಲೆ ಕೂತ ಧೂಳು ಊದಿದರೂ ಸ್ವಲ್ಪ ಹೋಗುತ್ತೆ, ಇದರ ಮೇಲೆ ಕೂತಿದ್ದು ಅಲ್ಲೇ ಹಿಡಿದುಕೊಳ್ಳುತ್ತೆ. ಬಟ್ಟೆಯಲ್ಲಿ ಒರೆಸಿದರೆ ಧೂಳು ಬರೋ ಬದಲು ಕಪ್ಪಗೆ ಬಳಿದುಕೊಳ್ತು. ಎಲೆಯ ನಡುನರದ ಉದ್ದಕ್ಕೂ, ತೊಟ್ಟು ಸೇರೋ ಮೂಲೆಯಲ್ಲೂ ಜಿಡ್ಡು ಗೆರೆಗಟ್ಟಿ ನಿಂತಿತು.

ಹೊಳಪು ಮಂಕಾಯ್ತು ಅಂತ ಅದರ ಮೇಲೇ ಇನ್ನೊಂದು ಸಲ ಹೊಡೆದರೆ ಧೂಳು ಎರಡು ಪದರದ ನಡುವೆ ಸಿಕ್ಕಿಕೊಳ್ಳುತ್ತೆ. ಎಲೆಗೆ ಬೆಳಕು ಬೀಳಲಿ ಅಂತ ತಾನೇ ನಾವು ಧೂಳು ತೆಗೆಯೋದು? ಕೊನೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿದ ನೀರಲ್ಲಿ ಒಂದೊಂದೇ ಎಲೆ ಒರೆಸಿ, ಮತ್ತೆ ಬರೀ ನೀರಲ್ಲಿ ತೊಳೆದ ಮೇಲೇ ಅದು ಬಿಟ್ಟಿದ್ದು.

ಸ್ಪ್ರೇ ಹೊಡೆದರೆ ಗಿಡ ಉಸಿರುಗಟ್ಟಿ ಸಾಯುತ್ತೆ ಅನ್ನೋರೂ ಇದ್ದಾರೆ. ಅದು ಅತಿಯಾಯ್ತು. ರಬ್ಬರ್ ಗಿಡದ ಪತ್ರರಂಧ್ರಗಳು (ಎಲೆ ಉಸಿರಾಡೋ ಸಣ್ಣ ತೂತುಗಳು) ಇರೋದು ಎಲೆಯ ಅಡಿಭಾಗದಲ್ಲಿ, ಮೇಲ್ಭಾಗಕ್ಕಷ್ಟೇ ತೆಳುವಾಗಿ ಹೊಡೆದರೆ ಉಸಿರಿಗೆ ಅಡ್ಡಿಯಿಲ್ಲ. ಆದರೆ ಅರೆಕಾ ಪಾಮ್‌ನಂಥ ಸಣ್ಣ ಸೀಳೆಲೆಗೆ ಹೊಡೆದರೆ ಎರಡೂ ಕಡೆ ಕೂರುತ್ತೆ. ಫರ್ನ್, ರೋಮ ಇರೋ ಆಫ್ರಿಕನ್ ವಯೊಲೆಟ್, ಎಳೆ ಚಿಗುರು ಇವಕ್ಕೆ ಬೇಡವೇ ಬೇಡ. ಎಚೆವೇರಿಯಾ (ನೀರು ತುಂಬಿದ ದಪ್ಪ ಎಲೆಯ ಸಕ್ಯುಲೆಂಟ್ ಗಿಡ) ಎಲೆ ಮೇಲಿನ ಬೂದಿಬಣ್ಣದ ಪುಡಿ ಅದರದ್ದೇ ಮೇಣ, ಬಿಸಿಲಿನಿಂದ ಕಾಪಾಡೋದೇ ಅದು. ಎಣ್ಣೆ ಬಿದ್ದರೆ ಅದೂ ಹಾಳು. ಗ್ಯಾಸ್ ತುಂಬಿದ ಡಬ್ಬಿಯಾದರೆ ಒಂದಡಿ ದೂರ ಇರಲಿ, ಹತ್ತಿರದಿಂದ ಹೊಡೆದರೆ ಆ ತಂಪಿಗೇ ಎಲೆ ಸುಡುತ್ತೆ.

ಹಾಲು ನೀರು: ವಾಸನೆ, ಆಮೇಲೆ ಇರುವೆ. ಕೊಬ್ಬರಿ ಎಣ್ಣೆ: ಸ್ಪ್ರೇಯದೇ ಅಂಟು, ಇನ್ನೂ ಜಾಸ್ತಿ. ಬೇವಿನೆಣ್ಣೆ ಹೊಳಪಿಗಲ್ಲ, ಔಷಧಿಗೆ. ಹಿಟ್ಟು ತಿಗಣೆ (ಗಿಡದ ರಸ ಹೀರೋ, ಬಿಳಿ ಹಿಟ್ಟು ಮೆತ್ತಿದ ಹಾಗಿರೋ ಹುಳು) ಕಂಡಾಗ ಮಾತ್ರ 1 ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಹೊಡೀತೀನಿ.

ಬಟ್ಟೆಯಲ್ಲಿ ಒರೆಸುವಾಗ ಎಡಗೈಯನ್ನ ಎಲೆ ಅಡಿಗೆ ಕೊಟ್ಟು, ತೊಟ್ಟಿನಿಂದ ತುದಿಗೆ ಎಳೀತೀನಿ. ಹಳೇ ಪಂಚೆಯ ತುಂಡು ಸಾಕು, ಹೊಸ ಬಟ್ಟೆ ಗೀಚುತ್ತೆ. ಅಡಿಭಾಗವನ್ನೂ ಒರೆಸೋದರಿಂದ ನುಸಿ (ಜೇಡದಂಥ ತೀರಾ ಸಣ್ಣ ಹುಳು) ಕಟ್ಟಿದ ಬಲೆ, ನರದ ಮೂಲೆಯ ಬಿಳಿ ಹಿಟ್ಟು ಮೊದಲಿಗೇ ಕಣ್ಣಿಗೆ ಬೀಳುತ್ತೆ. ಈ ಲಾಭ ಯಾವ ಡಬ್ಬಿಯಲ್ಲೂ ಇಲ್ಲ. ಬೋರ್‌ವೆಲ್ ನೀರು ಮಾತ್ರ ಬೇಡ, ಒಣಗಿದರೆ ಬಿಳಿ ಕಲೆ ಉಳಿಯುತ್ತೆ. ಮಳೆನೀರು ಇಲ್ಲದಿದ್ದರೆ ಕುಡಿಯೋ ಫಿಲ್ಟರ್ ನೀರು. ಹಳೇ ಕಲೆಗೆ ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ, ಆಮೇಲೆ ಬರೀ ನೀರು. ಅರೆಕಾವನ್ನ ಒರೆಸೋಕೆ ಹೋಗಲ್ಲ, ಬಾತ್‌ರೂಮಿಗೆ ಎತ್ತಿಟ್ಟು ಶವರ್ ಬಿಡ್ತೀನಿ.

ಭಾನುವಾರ ಅರ್ಧ ಗಂಟೆ ಗಿಡಗಳ ಜೊತೆ ಕಳೆಯೋದು ನನಗೆ ಇಷ್ಟ, ಹಾಗಾಗಿ ಬಟ್ಟೆ ಕೆಲಸ ಭಾರ ಅನ್ನಿಸಲ್ಲ. ಧೂಳಿಲ್ಲದ ಎಸಿ ಆಫೀಸಲ್ಲಿ ದಪ್ಪ ಎಲೆಯ ಗಿಡ ಇದೆ, ಸಮಾರಂಭಕ್ಕೆ ಮಿಂಚಬೇಕು ಅಂದರೆ ಮೊದಲು ಒರೆಸಿ, ಆಮೇಲೆ ಮೇಲ್ಭಾಗಕ್ಕೆ ಮಾತ್ರ ಸ್ಪ್ರೇ ಹೊಡೀರಿ, ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ. ನಮ್ಮನೆಗಂತೂ ಇನ್ನೊಂದು ಡಬ್ಬಿ ಬರಲ್ಲ. ಅದೇ ದುಡ್ಡಿಗೆ ಎರೆಗೊಬ್ಬರ ತರ್ತೀನಿ.